ಸ್ಟಾರ್ಟ್ ಮೆನು ಕೈಕೊಟ್ಟಾಗ ಓಪನ್-ಶೆಲ್ ಎಷ್ಟರ ಮಟ್ಟಿಗೆ ಕೆಲಸಕ್ಕೆ ಬರುತ್ತೆ? ಬಳಸಿ ನೋಡಿ ಬರೀತಿರೋದು

ಮೊದ್ಲೇ ಹೇಳ್ಬಿಡ್ತೀನಿ, ಓಪನ್-ಶೆಲ್ ಅನ್ನೋದು ಕೆಟ್ಟುಹೋದ ಸ್ಟಾರ್ಟ್ ಮೆನುನ ರಿಪೇರಿ ಮಾಡೋ ಸಾಫ್ಟ್‌ವೇರ್ ಅಲ್ಲ. ರಿಪೇರಿ ಆಗುತ್ತೆ ಅಂದ್ಕೊಂಡು ಹಾಕ್ಕೊಂಡ್ರೆ ಬೇಜಾರಾಗೋದು ಗ್ಯಾರಂಟಿ. ಅದು ಮಾಡೋದು ಇಷ್ಟೇ, ವಿಂಡೋಸ್‌ನ ಮೆನುನ ಅದರ ಪಾಡಿಗೆ ಬಿಟ್ಟು, ಅದೇ ಬಟನ್ನಿಗೆ ತನ್ನದೇ ಒಂದು ಮೆನು ತಗುಲಿಸುತ್ತೆ. ಒಳಗಡೆ ಏನು ಹಾಳಾಗಿದ್ಯೋ ಅದು ಹಾಳಾಗೇ ಇರುತ್ತೆ. ಇಷ್ಟು ಗೊತ್ತಿದ್ದೂ ನಾನು ಇದಕ್ಕೆ ಐದಕ್ಕೆ ನಾಲ್ಕು ಕೊಡ್ತೀನಿ. ಯಾಕಂದ್ರೆ ಮೆನು ಕೆಟ್ಟಾಗ ಮನುಷ್ಯನಿಗೆ ಮೊದ್ಲು ಬೇಕಾಗಿರೋದು ಕೆಲಸ ನಿಲ್ಲದೇ ಇರೋದು. ಯಾವ ಫೈಲ್ ಹಾಳಾಗಿದೆ, ಯಾವ ಪ್ಯಾಕೇಜ್ ಮಾಯ ಆಗಿದೆ ಅಂತ ಪತ್ತೇದಾರಿ ಮಾಡೋಕೆ ಆಮೇಲೂ ಟೈಮ್ ಇರುತ್ತೆ. ಆ ಗ್ಯಾಪ್‌ನಲ್ಲಿ ಇದು ಚೆನ್ನಾಗಿ ಕೂರುತ್ತೆ.

ನಾನು ಇದರ ಹತ್ರ ಬಂದಿದ್ದು ಅಕ್ಕನ ಲ್ಯಾಪ್‌ಟಾಪ್ ದೆಸೆಯಿಂದ. ಯಾರೋ ಹೇಳಿದ್ರು ಅಂತ ಅವಳು ಒಂದು ಕ್ಲೀನರ್ ಸಾಫ್ಟ್‌ವೇರ್ ಹಾಕ್ಕೊಂಡಿದ್ಲು, ಹೆಸರು ಬೇಡ, ಅಂಥವು ನೂರಾರಿವೆ, ಬೇಡದ ಆ್ಯಪ್ ಎಲ್ಲ ತೆಗೆದು ಕಂಪ್ಯೂಟರ್ ಫಾಸ್ಟ್ ಮಾಡ್ತೀವಿ ಅನ್ನೋ ಥರದ್ದು. ದೊಡ್ಡ ಹಸಿರು ಬಟನ್ ಇತ್ತಂತೆ, ಒತ್ತಿದ್ಲು, ರೀಸ್ಟಾರ್ಟ್ ಆಯ್ತು, ಅಲ್ಲಿಂದ ಸ್ಟಾರ್ಟ್ ಬಟನ್ ಒತ್ತಿದ್ರೆ ಹೂಂ ಇಲ್ಲ ಉಹೂಂ ಇಲ್ಲ. ಫೋನ್ ಮಾಡಿ "ಏ, ಆ ಕಿಟಕಿ ಬಟನ್ ಒತ್ತಿದ್ರೆ ಏನೂ ಬರ್ತಿಲ್ಲ ಕಣೋ, ಇದನ್ನ ಈಗ ಆಫ್ ಮಾಡೋದಾದ್ರೂ ಹೆಂಗೆ" ಅಂದ್ಲು. "ಡೆಸ್ಕ್‌ಟಾಪ್ ಖಾಲಿ ಜಾಗದಲ್ಲಿ ಒಂದ್ಸಲ ಕ್ಲಿಕ್ ಮಾಡಿ, ಆಲ್ಟ್ ಹಿಡ್ಕೊಂಡು ಎಫ್4 ಒತ್ತಕ್ಕ" ಅಂದೆ. ಶಟ್‌ಡೌನ್ ಬಾಕ್ಸ್ ಬಂತು. ಇದು ತುಂಬ ಜನಕ್ಕೆ ಗೊತ್ತಿಲ್ಲ, ಅದಕ್ಕೆ ಇಲ್ಲೇ ಹಾಕಿರ್ತೀನಿ. ಪವರ್ ಬಟನ್ ಒತ್ತಿ ಹಿಡ್ಕೊಂಡು ಸಾಯ್ಸೋದು ಬೇಡ.

ಲ್ಯಾಪ್‌ಟಾಪ್ ಕೈಗೆ ಬಂದ್ಮೇಲೆ ಮೊದ್ಲು ನೋಡಿದ್ದು ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಏನಾಗುತ್ತೆ ಅಂತ. ಬಂತು! ಡಿವೈಸ್ ಮ್ಯಾನೇಜರ್, ಟಾಸ್ಕ್ ಮ್ಯಾನೇಜರ್, ರನ್ ಅಂತ ಉದ್ದ ಪಟ್ಟಿ. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿದ್ರೂ ಅದೇ. ಎಡ ಕ್ಲಿಕ್ ಮಾಡಿದ್ರೆ ಮಾತ್ರ ಏನೂ ಇಲ್ಲ. ಈ ಒಂದು ಟೆಸ್ಟ್‌ನಲ್ಲೇ ಅರ್ಧ ವಿಷಯ ತಿಳಿಯುತ್ತೆ. ಟಾಸ್ಕ್‌ಬಾರ್, ಡೆಸ್ಕ್‌ಟಾಪ್ ಐಕಾನ್‌ಗಳು, ಆ ರೈಟ್ ಕ್ಲಿಕ್ ಪಟ್ಟಿ, ಇವೆಲ್ಲ ಎಕ್ಸ್‌ಪ್ಲೋರರ್ ಅನ್ನೋ ಪ್ರೋಗ್ರಾಮ್ ಕೈಲಿರೋದು. ಎಡ ಕ್ಲಿಕ್‌ಗೆ ಬರೋ ದೊಡ್ಡ ಮೆನು ಬೇರೆಯವರ ಕೈಲಿದೆ. ಮೊದಲಿನದು ಚೆನ್ನಾಗಿದೆ, ಎರಡನೇದು ಹೋಗಿದೆ, ಅಷ್ಟೇ. ರೈಟ್ ಕ್ಲಿಕ್ಕೂ ಬರಲ್ಲ, ಟಾಸ್ಕ್‌ಬಾರ್ ಐಕಾನ್‌ಗಳೂ ಮಿಣುಕ್ತಾ ಮಾಯ ಆಗ್ತಾ ಇವೆ ಅಂದ್ರೆ ಕಥೆ ಬೇರೆ, ಅವಾಗ ಎಕ್ಸ್‌ಪ್ಲೋರರ್‌ಗೇ ಹುಷಾರಿಲ್ಲ ಅಂತ ಅರ್ಥ, ಅಂಥ ಕಡೆ ಓಪನ್-ಶೆಲ್ ಹಾಕೋ ಯೋಚನೆನೇ ಮಾಡ್ಬೇಡಿ. ಯಾಕಂದ್ರೆ ಅದೂ ಎಕ್ಸ್‌ಪ್ಲೋರರ್ ಒಳಗೇ ಹೊಕ್ಕು ಕೂತ್ಕೊಳೋದು, ಮನೆಯೇ ಅಲ್ಲಾಡ್ತಿದ್ರೆ ಬಾಡಿಗೆಗೆ ಬಂದೋನು ಏನ್ ಮಾಡ್ತಾನೆ.

ಹಿಂದೆ ಹಿಂಗಿರ್ಲಿಲ್ಲ ಅನ್ನೋರಿಗೆ ಒಂದು ಮಾತು. ವಿಂಡೋಸ್ 95ರಲ್ಲಿ, ಅಂದ್ರೆ 1995ರಲ್ಲಿ ಈ ಮೆನು ಬಂದಾಗಿನಿಂದ ವಿಂಡೋಸ್ 7ರವರೆಗೂ ಅದು ಎಕ್ಸ್‌ಪ್ಲೋರರ್‌ನ ಒಂದು ಭಾಗನೇ ಆಗಿತ್ತು, ಅದು ಸತ್ರೆ ಎಲ್ಲಾ ಒಟ್ಟಿಗೇ ಸಾಯ್ತಿತ್ತು, ಎದ್ರೆ ಒಟ್ಟಿಗೇ ಏಳ್ತಿತ್ತು. 2012ರಲ್ಲಿ ವಿಂಡೋಸ್ 8 ಮೆನುನೇ ಎತ್ತಿ ಹಾಕಿ ಇಡೀ ಸ್ಕ್ರೀನ್ ತುಂಬೋ ಸ್ಟಾರ್ಟ್ ಸ್ಕ್ರೀನ್ ಕೊಡ್ತು, ಜನ ಬೊಬ್ಬೆ ಹೊಡೆದ್ರು, 8.1ರಲ್ಲಿ ಬಟನ್ ಮಾತ್ರ ವಾಪಸ್ ಬಂತು, 2015ರಲ್ಲಿ ವಿಂಡೋಸ್ 10 ಜೊತೆ ಮೆನುನೂ ವಾಪಸ್ ಬಂತು. ಆದ್ರೆ ಬಂದಿದ್ದು ಹೊಸ ವೇಷದಲ್ಲಿ. ಸ್ಟೋರ್ ಆ್ಯಪ್‌ಗಳು ಹೇಗೆ ಪ್ಯಾಕೇಜ್ ರೂಪದಲ್ಲಿ ಇರ್ತಾವೋ ಅದೇ ರೀತಿ ಈ ಮೆನುನೂ ಒಂದು ಪ್ಯಾಕೇಜ್. ವಿಂಡೋಸ್ 10ರ 1903 ಆವೃತ್ತಿಯಿಂದ ಅದಕ್ಕೆ ಸ್ವಂತ ಪ್ರೋಸೆಸ್ಸೇ ಆಯ್ತು, ಸ್ಟಾರ್ಟ್‌ಮೆನು ಎಕ್ಸ್‌ಪೀರಿಯನ್ಸ್ ಹೋಸ್ಟ್ ಅಂತ ಟಾಸ್ಕ್ ಮ್ಯಾನೇಜರ್‌ನಲ್ಲಿ ಹುಡುಕಿದ್ರೆ ಸಿಗುತ್ತೆ. ಪ್ಯಾಕೇಜ್ ಅಂದ್ಮೇಲೆ ಅದರ ನಖರೆಗಳೂ ಜೊತೆಗೆ ಬರ್ತಾವೆ, ಅದು ಯೂಸರ್ ಅಕೌಂಟಿಗೆ ಸರಿಯಾಗಿ ರಿಜಿಸ್ಟರ್ ಆಗಿರ್ಬೇಕು, ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡೋ ಜಾಗ) ಪರ್ಮಿಷನ್ ಸರಿ ಇರ್ಬೇಕು, ಪ್ಯಾಕೇಜ್ ಒಳಗೆ ಏನಿದೆ ಅಂತ ಹೇಳೋ ಮ್ಯಾನಿಫೆಸ್ಟ್ ಫೈಲ್ ನೆಟ್ಟಗಿರ್ಬೇಕು, ಪಿನ್ ಮಾಡಿದ್ದನ್ನೆಲ್ಲ ನೆನಪಿಟ್ಟುಕೊಳ್ಳೋ ಫೈಲ್ ಹಾಳಾಗಿರ್ಬಾರ್ದು. ಇದರಲ್ಲಿ ಒಂದು ಹೋದ್ರೂ ಬಟನ್ ಮೂಕ ಆಗುತ್ತೆ. ಬೇಡದ ಆ್ಯಪ್ ತೆಗೀತೀವಿ ಅನ್ನೋ ಕ್ಲೀನರ್‌ಗಳು ಕೈಯಾಡ್ಸೋದೂ ಸರಿಯಾಗಿ ಇದೇ ಜಾಗದಲ್ಲಿ, ಯಾವ್ದು ಆಟದ ಆ್ಯಪ್ ಯಾವ್ದು ಮೆನುವಿನ ಪ್ಯಾಕೇಜ್ ಅಂತ ವ್ಯತ್ಯಾಸ ನೋಡದೆ.

ಇಷ್ಟೆಲ್ಲ ಹೇಳಿದ್ದು ಯಾಕಂದ್ರೆ, ಓಪನ್-ಶೆಲ್ ಕೆಲಸ ಮಾಡೋ ಗುಟ್ಟು ಇಲ್ಲೇ ಇರೋದು. ನಿಮ್ಮ ಮಾಮೂಲಿ ಪ್ರೋಗ್ರಾಮ್‌ಗಳ ಪಟ್ಟಿ ಆ ಪ್ಯಾಕೇಜ್ ಒಳಗಿಲ್ಲ. ಅದು ಬರೀ ಶಾರ್ಟ್‌ಕಟ್ ಫೈಲ್‌ಗಳು ತುಂಬಿರೋ ಎರಡು ಫೋಲ್ಡರ್. ಒಂದು ಸಿ ಡ್ರೈವ್‌ನಲ್ಲಿ ಪ್ರೋಗ್ರಾಮ್‌ಡೇಟಾ ಒಳಗೆ ಎಲ್ಲರಿಗೂ ಸೇರಿ, ಇನ್ನೊಂದು ನಿಮ್ಮ ಅಕೌಂಟಿನ ಆ್ಯಪ್‌ಡೇಟಾ ಒಳಗೆ ನಿಮಗೆ ಮಾತ್ರ. ಎರಡರಲ್ಲೂ ಸ್ಟಾರ್ಟ್ ಮೆನು ಅಂತ ಫೋಲ್ಡರ್ ಇದೆ, ಅದರೊಳಗೆ ಪ್ರೋಗ್ರಾಮ್ಸ್. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಹೋಗಿ ನೋಡಿ ಬೇಕಾದ್ರೆ, ಎಲ್ಲಾ ಅಲ್ಲೇ ಆರಾಮಾಗಿ ಕೂತಿರ್ತಾವೆ, ಡಬಲ್ ಕ್ಲಿಕ್ ಮಾಡಿದ್ರೆ ಓಡ್ತಾವೆ. ಅಕ್ಕನ ಲ್ಯಾಪ್‌ಟಾಪ್‌ನಲ್ಲೂ ಹಾಗೇ ಇದ್ವು, ಒಂದೂ ಹೋಗಿರ್ಲಿಲ್ಲ. ಹೋಗಿದ್ದು ತೋರಿಸೋ ಪರದೆ ಮಾತ್ರ. ಓಪನ್-ಶೆಲ್ ಆ ಫೋಲ್ಡರ್‌ಗಳನ್ನ ನೇರ ಓದಿ ತನ್ನ ರೀತಿಯಲ್ಲಿ ತೋರ್ಸುತ್ತೆ, ವಿಂಡೋಸ್‌ನ ಮೆನು ಪ್ಯಾಕೇಜ್ ಬದುಕಿದ್ಯಾ ಸತ್ತಿದ್ಯಾ ಅಂತ ಕೇಳೋದೂ ಇಲ್ಲ.

ಆದ್ರೂ ಇದನ್ನ ಹಾಕೋಕೆ ಮುಂಚೆ ಸಣ್ಣಪುಟ್ಟ ಔಷಧಿ ಕೊಟ್ಟು ನೋಡ್ಬೇಕು, ಸುಮಾರು ಸಲ ಅಷ್ಟಕ್ಕೇ ಮುಗಿದು ಹೋಗುತ್ತೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದ್ರೆ ಟಾಸ್ಕ್ ಮ್ಯಾನೇಜರ್ ಬರುತ್ತೆ, ಅದರಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಹುಡುಕಿ ರೈಟ್ ಕ್ಲಿಕ್, ರೀಸ್ಟಾರ್ಟ್. ಸ್ಕ್ರೀನ್ ಒಂದು ಕ್ಷಣ ಖಾಲಿಯಾಗಿ ವಾಪಸ್ ಬರುತ್ತೆ, ಗಾಬರಿ ಬೇಡ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಡೀಟೇಲ್ಸ್ ಟ್ಯಾಬಿಗೆ ಹೋಗಿ ಆಗ ಹೇಳಿದ ಸ್ಟಾರ್ಟ್‌ಮೆನು ಎಕ್ಸ್‌ಪೀರಿಯನ್ಸ್ ಹೋಸ್ಟ್ ಹಿಡಿದು ಎಂಡ್ ಟಾಸ್ಕ್ ಕೊಡಿ, ಚೆನ್ನಾಗಿರೋ ಕಂಪ್ಯೂಟರ್‌ನಲ್ಲಿ ಅದು ತಾನಾಗೇ ಮತ್ತೆ ಹುಟ್ಟುತ್ತೆ. ಆ ಹೆಸರೇ ಪಟ್ಟಿಯಲ್ಲಿ ಇಲ್ಲ, ಮತ್ತೆ ಬರೋದೂ ಇಲ್ಲ ಅಂದ್ರೆ, ರೋಗ ಸ್ವಲ್ಪ ಆಳದ್ದು ಅಂತ ತಿಳ್ಕೊಳಿ. ಅಕ್ಕನದ್ದು ಅದೇ ಕೇಸು.

ಇನ್ನೊಂದು, ರೀಸ್ಟಾರ್ಟ್ ಮಾಡಿದ್ರಾ ಅಂತ ಕೇಳಿದ್ರೆ ಎಲ್ರೂ ಹೂಂ ಅಂತಾರೆ, ಮಾಡಿರೋದು ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿರೋದು. ಎರಡೂ ಒಂದೇ ಅಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ಒಳಗಿನ ಸ್ಥಿತಿ ಡಿಸ್ಕ್‌ನಲ್ಲಿ ಸೇವ್ ಆಗಿ, ಆನ್ ಮಾಡಿದಾಗ ಅದೇ ವಾಪಸ್ ಎದ್ದು ಕೂರುತ್ತೆ. ರೀಸ್ಟಾರ್ಟ್ ಒತ್ತಿದ್ರೆ ಮಾತ್ರ ಎಲ್ಲಾ ಹೊಸದಾಗಿ ಶುರು. ಆಲ್ಟ್ ಎಫ್4 ಬಾಕ್ಸ್‌ನಲ್ಲಿ ಕೆಳಗೆ ಬಾಣದ ಗುರುತು ಒತ್ತಿ ರೀಸ್ಟಾರ್ಟ್ ಆರಿಸ್ಕೊಳಿ.

ಸರಿ, ಓಪನ್-ಶೆಲ್‌ಗೆ ಬರೋಣ. ಇದರ ಮೂಲ ಕ್ಲಾಸಿಕ್ ಶೆಲ್ ಅಂತ ಒಂದು ಹಳೇ ಸಾಫ್ಟ್‌ವೇರ್, ಐವೊ ಬೆಲ್ಚೆವ್ ಅನ್ನೋ ಪ್ರೋಗ್ರಾಮರ್ 2009ರಲ್ಲಿ ಶುರು ಮಾಡಿದ್ದು. ವಿಂಡೋಸ್ 8 ಬಂದು ಮೆನು ಮಾಯ ಆದಾಗ ಅದಕ್ಕೆ ಸಿಕ್ಕಾಪಟ್ಟೆ ಬೇಡಿಕೆ ಬಂತು. 2017ರ ಕೊನೆಗೆ ಅವರು ಇನ್ನು ನನ್ನ ಕೈಲಾಗಲ್ಲ ಅಂತ ನಿಲ್ಸಿದ್ರು, ಆದ್ರೆ ನಿಲ್ಸೋವಾಗ ಸೋರ್ಸ್ ಕೋಡ್ ಎಲ್ಲರಿಗೂ ಬಿಟ್ಟುಕೊಟ್ಟು ಹೋದ್ರು, ಅದು ದೊಡ್ಡ ಮನಸ್ಸು. ಅದನ್ನ ಎತ್ಕೊಂಡು ಸ್ವಯಂಸೇವಕರು ಮುಂದುವರಿಸ್ತಾ ಇರೋದೇ ಓಪನ್-ಶೆಲ್. ಪೂರ್ತಿ ಉಚಿತ, ಎಂಐಟಿ ಲೈಸೆನ್ಸ್ (ಯಾರು ಬೇಕಾದ್ರೂ ಬಳಸಿ ಬದಲಾಯಿಸಬಹುದು), ಜಾಹೀರಾತಿಲ್ಲ, ಅಕೌಂಟ್ ಮಾಡು ಲಾಗಿನ್ ಆಗು ಅನ್ನೋ ಕಾಟ ಇಲ್ಲ. ವಿಂಡೋಸ್ 7ರಿಂದ 11ರವರೆಗೂ ನಡೆಯುತ್ತೆ.

ಡೌನ್‌ಲೋಡ್ ಮಾತ್ರ ಗಿಟ್‌ಹಬ್ ಅನ್ನೋ, ಪ್ರೋಗ್ರಾಮರ್‌ಗಳು ಕೋಡ್ ಇಡೋ ಸೈಟಿನಲ್ಲಿರೋ ಅವರದ್ದೇ ಪೇಜಿನ ರಿಲೀಸಸ್ ಭಾಗದಿಂದ ಮಾಡ್ಕೊಳಿ, ಗೂಗಲ್ ಮಾಡಿದಾಗ ಮೊದ್ಲು ಸಿಗೋ ಯಾವ್ದೋ ಫ್ರೀ ಡೌನ್‌ಲೋಡ್ ಸೈಟಿಂದ ಬೇಡ. ಇದು ಸುಮ್ನೆ ಹೇಳೋ ಉಪದೇಶ ಅಲ್ಲ. 2016ರ ಆಗಸ್ಟ್‌ನಲ್ಲಿ ಕ್ಲಾಸಿಕ್ ಶೆಲ್ ಇನ್‌ಸ್ಟಾಲರ್ ಇಟ್ಟಿದ್ದ ಡೌನ್‌ಲೋಡ್ ಸೈಟಿಗೆ ಹ್ಯಾಕರ್‌ಗಳು ನುಗ್ಗಿ, ಅದೇ ಹೆಸರಿನ ಕಳ್ಳ ಫೈಲ್ ಇಟ್ಟಿದ್ರು. ಅದನ್ನ ಓಡ್ಸಿದವರ ಹಾರ್ಡ್ ಡಿಸ್ಕಿನ ಬೂಟ್ ರೆಕಾರ್ಡ್ ಅಳಿಸಿ ಹೋಗಿ ವಿಂಡೋಸ್ ಏಳದೇ ಇರೋ ಹಾಗಾಯ್ತು. ಅಲ್ಲಿ ಸಾಫ್ಟ್‌ವೇರ್ ಬರೆದವರ ತಪ್ಪಿರ್ಲಿಲ್ಲ, ಆದ್ರೂ ಏಟು ತಿಂದಿದ್ದು ಬಳಸೋರು. ಮೆನು ಸರಿ ಮಾಡೋಕೆ ಹೋಗಿ ಕಂಪ್ಯೂಟರ್ರೇ ಏಳದ ಹಾಗೆ ಆಗೋದು ಯಾರಿಗೆ ಬೇಕು.

ಇನ್‌ಸ್ಟಾಲ್ ಮಾಡೋವಾಗ ಕಣ್ಣು ಮುಚ್ಕೊಂಡು ನೆಕ್ಸ್ಟ್ ನೆಕ್ಸ್ಟ್ ಒತ್ಬೇಡಿ. ಒಂದು ಕಡೆ ಯಾವ್ಯಾವ ಭಾಗ ಬೇಕು ಅಂತ ಕೇಳುತ್ತೆ, ಕ್ಲಾಸಿಕ್ ಎಕ್ಸ್‌ಪ್ಲೋರರ್, ಓಪನ್-ಶೆಲ್ ಮೆನು, ಕ್ಲಾಸಿಕ್ ಐಇ, ಅಪ್‌ಡೇಟ್ ಅಂತ ಪಟ್ಟಿ ಇರುತ್ತೆ. ನಮಗೆ ಬೇಕಾಗಿರೋದು ಮೆನು ಒಂದೇ, ಜೊತೆಗೆ ಬೇಕಿದ್ರೆ ಅಪ್‌ಡೇಟ್. ಕ್ಲಾಸಿಕ್ ಎಕ್ಸ್‌ಪ್ಲೋರರ್ ಅನ್ನೋದು ಫೋಲ್ಡರ್ ಕಿಟಕಿಗೆ ಹಳೇ ಟೂಲ್‌ಬಾರ್ ಸೇರ್ಸೋದು, ಐಇ ಅಂತೂ ಇಂಟರ್ನೆಟ್ ಎಕ್ಸ್‌ಪ್ಲೋರರ್‌ದು, ಆ ಬ್ರೌಸರ್ರೇ ಕಥೆ ಮುಗಿಸಿ ಎಷ್ಟು ಕಾಲ ಆಯ್ತು. ಎರಡನ್ನೂ ತೆಗೆದು ಹಾಕಿ. ಮೊದ್ಲೇ ಹುಷಾರಿಲ್ಲದ ಕಂಪ್ಯೂಟರ್‌ಗೆ ಬೇಡದ್ದನ್ನೂ ಸೇರ್ಸೋದು ಬೇಡ.

ಆಮೇಲೆ ಸ್ಟಾರ್ಟ್ ಬಟನ್ ಒತ್ತಿದ ಕೂಡಲೇ ಸೆಟ್ಟಿಂಗ್ಸ್ ಕಿಟಕಿ ತೆಗೆಯುತ್ತೆ. ಮೊದಲ ಪುಟದಲ್ಲಿ ಮೂರು ಚಿತ್ರ. ಒಂದು ವಿಂಡೋಸ್ 98 ಕಾಲದ ಒಂದೇ ಸಾಲಿನ ಮೆನು, ಇನ್ನೊಂದು ಎಕ್ಸ್‌ಪಿ ಥರ ಎರಡು ಸಾಲು, ಮೂರನೇದು ವಿಂಡೋಸ್ 7 ಥರದ್ದು. ಅಕ್ಕ ಪಕ್ಕದಲ್ಲೇ ಕೂತಿದ್ಲು, ಮೂರನೇದು ನೋಡಿದ ತಕ್ಷಣ "ಅದೇ ಅದೇ, ನಮ್ಮ ಹಳೇ ಕಂಪ್ಯೂಟರ್‌ದು" ಅಂದ್ಲು, ಅದನ್ನೇ ಹಾಕಿದ್ವಿ. ಎಡಗಡೆ ಪ್ರೋಗ್ರಾಮ್‌ಗಳು, ಕೆಳಗೆ ಹುಡುಕೋ ಡಬ್ಬಿ, ಬಲಗಡೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಕಂಪ್ಯೂಟರ್, ಕಂಟ್ರೋಲ್ ಪ್ಯಾನೆಲ್, ಅದರ ಕೆಳಗೆ ಶಟ್‌ಡೌನ್ ಬಟನ್. ಯಾರಿಗೂ ಹೇಳ್ಕೊಡೋದೇ ಬೇಡ. ಚಿತ್ರದ ಕೆಳಗೆ ಸ್ಟಾರ್ಟ್ ಬಟನ್ ಬದಲಾಯಿಸ್ಬೇಕಾ ಅಂತ ಒಂದು ಟಿಕ್ ಇದೆ, ಬಟನ್ ಚಿತ್ರ ಹಳೇ ದುಂಡಗಿನದ್ದು ಬೇಕಾದ್ರೆ ಹಾಕ್ಕೋಬಹುದು, ನಿಮ್ಮದೇ ಫೋಟೋ ಬೇಕಾದ್ರೂ ಕೊಡಬಹುದು, ಅದು ಶೋಕಿ, ಕೆಲಸಕ್ಕೆ ಬೇಕಿಲ್ಲ.

ಸೆಟ್ಟಿಂಗ್ಸ್ ಬಗ್ಗೆ ಎರಡು ಮಾತು ಹೇಳ್ಲೇಬೇಕು. ಮೇಲೆ ಶೋ ಆಲ್ ಸೆಟ್ಟಿಂಗ್ಸ್ ಅಂತ ಒಂದು ಟಿಕ್ ಇದೆ. ಅದನ್ನ ಹಾಕಿದ್ರೆ ಮೂರ್ನಾಲ್ಕು ಟ್ಯಾಬ್ ಇದ್ದಿದ್ದು ಒಂದು ಸಾಲು ಟ್ಯಾಬ್ ಆಗಿ ತಲೆ ತಿರುಗುತ್ತೆ, ಮೆನು ತೆಗೆಯೋ ವೇಗ ಮಿಲಿಸೆಕೆಂಡ್‌ನಲ್ಲಿ ಎಷ್ಟಿರ್ಬೇಕು ಅನ್ನೋವರೆಗೂ ಇದೆ. ಆದ್ರೆ ಒಂದು ಬುದ್ಧಿವಂತಿಕೆ ಮಾಡಿದಾರೆ, ಮೂಲ ಸ್ಥಿತಿಯಿಂದ ನೀವು ಬದಲಾಯಿಸಿದ್ದೆಲ್ಲ ದಪ್ಪ ಅಕ್ಷರದಲ್ಲಿ ಕಾಣುತ್ತೆ. ಎಲ್ಲೋ ಕೈ ತಾಗಿ ಏನೋ ಬದಲಾದ್ರೆ ದಪ್ಪಗಿರೋದನ್ನ ಹುಡುಕಿದ್ರೆ ಸಾಕು. ಈ ಥರದ್ದು ಎಷ್ಟೋ ದುಡ್ಡು ಕೊಟ್ಟು ತಗೊಳೋ ಸಾಫ್ಟ್‌ವೇರ್‌ನಲ್ಲೂ ಇರಲ್ಲ. ಕೆಳಗೆ ಬ್ಯಾಕಪ್ ಅಂತ ಬಟನ್ ಇದೆ, ಇಡೀ ಸೆಟ್ಟಿಂಗ್ಸ್ ಒಂದು ಎಕ್ಸ್‌ಎಂಎಲ್ ಫೈಲ್ ಆಗಿ ಸೇವ್ ಆಗುತ್ತೆ, ಮನೇಲಿ ಇನ್ನೊಂದು ಕಂಪ್ಯೂಟರ್ ಇದ್ರೆ ಅಲ್ಲಿಗೂ ಅದೇ ಫೈಲ್ ತೋರಿಸಿದ್ರೆ ಆಯ್ತು. ಕಸ್ಟಮೈಸ್ ಅನ್ನೋ ಟ್ಯಾಬ್‌ನಲ್ಲಿ ಬಲಗಡೆ ಸಾಲಿನ ಒಂದೊಂದು ಐಟಂಗೂ ತೋರ್ಸು, ತೋರ್ಸ್ಬೇಡ, ಅಥವಾ ಅಲ್ಲೇ ಮೆನು ಥರ ಬಿಚ್ಚಿಕೊಳ್ಳಲಿ ಅಂತ ಆರಿಸ್ಬಹುದು. ಕಂಟ್ರೋಲ್ ಪ್ಯಾನೆಲ್‌ನ ಮೆನು ಥರ ಇಟ್ಕೊಂಡ್ರೆ ಮೌಸ್ ತಗೊಂಡು ಹೋದ ಕೂಡಲೇ ಒಳಗಿರೋದೆಲ್ಲ ಪಕ್ಕದಲ್ಲಿ ಬರುತ್ತೆ, ರಿಪೇರಿ ಮಾಡೋರಿಗೆ ಇದು ವರ.

ಹುಡುಕೋದು ಹೇಗಿದೆ ಅಂತ ಕೇಳಿದ್ರೆ, ಪ್ರೋಗ್ರಾಮ್ ಹುಡುಕೋದಕ್ಕೆ ಬಲು ಚುರುಕು. ವಿಂಡೋಸ್ ಕೀ ಒತ್ತಿ ನಾಲ್ಕು ಅಕ್ಷರ ಹೊಡೆದ್ರೆ ಸಿಗುತ್ತೆ, ಎಂಟರ್ ಒತ್ತಿದ್ರೆ ಓಡುತ್ತೆ. ಮಧ್ಯೆ ವೆಬ್‌ನಿಂದ ಏನೇನೋ ತಂದು ಸುರಿಯಲ್ಲ, ಇವತ್ತಿನ ಸುದ್ದಿ ತೋರ್ಸಲ್ಲ, ನೀವು ಕೇಳಿದ್ದು ನಿಮ್ಮ ಕಂಪ್ಯೂಟರ್‌ನಲ್ಲಿ ಇದ್ಯಾ ಇಲ್ವಾ ಅಷ್ಟೇ. ಆದ್ರೆ ಫೈಲ್‌ಗಳನ್ನ ಹುಡುಕೋಕೆ ಅದು ವಿಂಡೋಸ್ ಮೊದ್ಲೇ ಮಾಡಿಟ್ಟಿರೋ ಫೈಲ್‌ಗಳ ಪಟ್ಟಿ, ಅಂದ್ರೆ ಇಂಡೆಕ್ಸ್ ಮೇಲೇ ನಿಂತಿರೋದು. ಸರ್ಚ್ ಸರ್ವಿಸ್ಸೂ ಕೆಟ್ಟಿದ್ರೆ ಫೈಲ್‌ಗಳು ಇಲ್ಲೂ ಸಿಗಲ್ಲ, ಅದು ಓಪನ್-ಶೆಲ್ ತಪ್ಪು ಅಂತ ಬಯ್ಬೇಡಿ.

ನನಗೆ ತುಂಬ ಇಷ್ಟ ಆಗಿದ್ದು ಶಿಫ್ಟ್ ಕೀ. ಶಿಫ್ಟ್ ಹಿಡ್ಕೊಂಡು ಸ್ಟಾರ್ಟ್ ಬಟನ್ ಕ್ಲಿಕ್ ಮಾಡಿದ್ರೆ ವಿಂಡೋಸ್‌ನ ಒರಿಜಿನಲ್ ಮೆನು ಬರ್ಬೇಕು. ಇದು ಮೇಲ್ನೋಟಕ್ಕೆ ಸಣ್ಣ ಸೌಲಭ್ಯ, ಆದ್ರೆ ರಿಪೇರಿ ಮಾಡೋವಾಗ ಪ್ರತಿ ಸಲ ಏನಾದ್ರೂ ಮಾಡಿದ್ಮೇಲೆ ಒಂದು ಶಿಫ್ಟ್ ಕ್ಲಿಕ್ ಹೊಡೆದು ಬಂತಾ ಇಲ್ವಾ ಅಂತ ನೋಡಬಹುದು, ಓಪನ್-ಶೆಲ್ ತೆಗೆಯೋದೇ ಬೇಡ. ಅಕ್ಕ ಅವಳ ಕೆಲಸ ಮಾಡ್ಕೊಂಡಿದ್ಲು, ನಾನು ಬಿಡುವಾದಾಗ ಒಂದೊಂದೇ ಔಷಧಿ ಕೊಟ್ಟು ಶಿಫ್ಟ್ ಕ್ಲಿಕ್ ಮಾಡಿ ನೋಡ್ತಿದ್ದೆ.

ಏನೇನು ಕೊಟ್ಟೆ ಅಂದ್ರೆ, ಮೊದ್ಲು ಹೊಸ ಯೂಸರ್ ಅಕೌಂಟ್. ಇದನ್ನ ಜನ ಕೊನೇಗೆ ಮಾಡ್ತಾರೆ, ಮೊದ್ಲೇ ಮಾಡ್ಬೇಕಾದ ಟೆಸ್ಟ್ ಇದು. ಹೊಸ ಅಕೌಂಟ್‌ನಲ್ಲಿ ಮೆನು ಚೆನ್ನಾಗಿ ಬಂದ್ರೆ ಹಾಳಾಗಿರೋದು ನಿಮ್ಮ ಪ್ರೊಫೈಲ್ ಮಾತ್ರ, ಫೈಲ್‌ಗಳನ್ನ ಅಲ್ಲಿಗೆ ಸಾಗಿಸಿ ಸುಮ್ನಾಗಬಹುದು. ಅಲ್ಲೂ ಬರ್ಲಿಲ್ಲ ಅಂದ್ರೆ ವಿಂಡೋಸ್‌ನಲ್ಲೇ ಏನೋ ಹೋಗಿದೆ. ಇಲ್ಲಿ ಬರ್ಲಿಲ್ಲ. ಆಮೇಲೆ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್, ಅಂದ್ರೆ ಕಮಾಂಡ್ ಟೈಪ್ ಮಾಡೋ ಕಪ್ಪು ಕಿಟಕಿ, ತೆಗೆದು ಡಿಸ್ಮ್ (DISM) ಓಡ್ಸಿ, ಅದು ಮುಗಿದ್ಮೇಲೆ ಎಸ್ಎಫ್‌ಸಿ (SFC) ಓಡ್ಸಿದ್ದು, ಎರಡೂ ವಿಂಡೋಸ್ ಜೊತೆಗೇ ಬರೋ, ಕೆಟ್ಟ ಸಿಸ್ಟಂ ಫೈಲ್ ಸರಿ ಮಾಡೋ ಟೂಲ್‌ಗಳು. ತುಂಬ ಕಡೆ ಎಸ್ಎಫ್‌ಸಿ ಮೊದ್ಲು ಅಂತ ಬರೆದಿರ್ತಾರೆ, ಆದ್ರೆ ಎಸ್ಎಫ್‌ಸಿ ಒಳ್ಳೇ ಫೈಲ್ ತಗೊಳೋದು ವಿಂಡೋಸ್ ಒಳಗಿನ ಒಂದು ಉಗ್ರಾಣದಿಂದ, ಆ ಉಗ್ರಾಣನ ಸರಿ ಮಾಡೋದು ಡಿಸ್ಮ್, ಹಾಗಾಗಿ ಡಿಸ್ಮ್ ಮುಂದೆ ಹೋಗೋದೇ ಸರಿ. ಡಿಸ್ಮ್‌ಗೆ ಇಂಟರ್ನೆಟ್ ಬೇಕು, ಮಧ್ಯೆ ಒಂದೇ ಪರ್ಸೆಂಟ್ ಹತ್ರ ತುಂಬ ಹೊತ್ತು ನಿಂತ್ಕೊಳುತ್ತೆ, ಹ್ಯಾಂಗ್ ಆಯ್ತು ಅಂತ ಕಿಟಕಿ ಮುಚ್ಬೇಡಿ, ಕಾಫಿ ಕುಡ್ಕೊಂಡು ಬನ್ನಿ.

ಇನ್ನು ಪವರ್‌ಶೆಲ್‌ನಲ್ಲಿ (ಅದೂ ಕಮಾಂಡ್ ಟೈಪ್ ಮಾಡೋ ಕಿಟಕಿನೇ) ಎಲ್ಲಾ ಆ್ಯಪ್ ಪ್ಯಾಕೇಜ್‌ಗಳನ್ನ ಮತ್ತೆ ರಿಜಿಸ್ಟರ್ ಮಾಡೋ ಆ ಫೇಮಸ್ ಉದ್ದನೇ ಕಮಾಂಡ್ ಇದ್ಯಲ್ಲ, ಎಲ್ಲಿ ನೋಡಿದ್ರೂ ಅದನ್ನೇ ಕಾಪಿ ಪೇಸ್ಟ್ ಮಾಡಿ ಅಂತಾರೆ. ಓಡ್ಸಿದ್ರೆ ಸ್ಕ್ರೀನ್ ತುಂಬ ಕೆಂಪು ಅಕ್ಷರ ಸುರಿಯುತ್ತೆ, ಅದರಲ್ಲಿ ಸುಮಾರು ಎರರ್‌ಗಳು ಆ ಪ್ಯಾಕೇಜ್ ಈಗ ಬಳಕೆಯಲ್ಲಿದೆ, ಇದಕ್ಕಿಂತ ಹೊಸ ಆವೃತ್ತಿ ಆಗ್ಲೇ ಇದೆ ಅನ್ನೋ ಥರದ್ದು, ಅವಕ್ಕೆ ಹೆದರ್ಬೇಕಿಲ್ಲ. ನನ್ನ ಅಭಿಪ್ರಾಯ ಏನಂದ್ರೆ ಎಲ್ಲಾ ಪ್ಯಾಕೇಜ್ ಮೇಲೆ ಅದನ್ನ ಬಿಡೋ ಬದ್ಲು ಸ್ಟಾರ್ಟ್ ಮೆನುವಿನ ಪ್ಯಾಕೇಜ್ ಒಂದರ ಮೇಲೆ ಓಡ್ಸೋದು ಒಳ್ಳೇದು, ಏನಾಯ್ತು ಅಂತ ಓದೋಕಾದ್ರೂ ಆಗುತ್ತೆ. ಹಾಗೇ ಓಡ್ಸಿದಾಗ ಬಂದಿದ್ದು ಒಂದೇ ಸಾಲಿನ ಉತ್ತರ, ಮ್ಯಾನಿಫೆಸ್ಟ್ ಫೈಲೇ ಸಿಗ್ತಿಲ್ಲ ಅಂತ. ಕ್ಲೀನರ್ ಮಹಾಶಯ ಫೋಲ್ಡರ್ ಸಮೇತ ಗುಡಿಸಿ ಹಾಕಿದ್ದ.

ಅಲ್ಲಿಗೆ ಉಳಿದಿದ್ದು ರಿಪೇರಿ ಇನ್‌ಸ್ಟಾಲ್. ಮೈಕ್ರೋಸಾಫ್ಟ್ ಸೈಟಿಂದ ಐಎಸ್ಒ ಫೈಲ್, ಅಂದ್ರೆ ಇಡೀ ವಿಂಡೋಸ್ ಸೆಟಪ್ ತುಂಬಿರೋ ಒಂದೇ ಫೈಲ್, ಇಳಿಸ್ಕೊಂಡು, ಡಬಲ್ ಕ್ಲಿಕ್ ಮಾಡಿ ತೆಗೆದು, ವಿಂಡೋಸ್ ಒಳಗಿಂದಲೇ ಸೆಟಪ್ ಓಡ್ಸಿ, ಫೈಲ್‌ಗಳೂ ಆ್ಯಪ್‌ಗಳೂ ಇರ್ಲಿ ಅನ್ನೋದನ್ನ ಆರಿಸ್ಕೊಂಡ್ರೆ ವಿಂಡೋಸ್ ತನ್ನ ಮೇಲೆ ತಾನೇ ಮತ್ತೆ ಕೂತ್ಕೊಳುತ್ತೆ. ಭಾಷೆ ಮತ್ತೆ ಎಡಿಷನ್ ಹೊಂದದಿದ್ರೆ ಆ ಆಯ್ಕೆ ಬೂದು ಬಣ್ಣಕ್ಕೆ ತಿರುಗಿ ಒತ್ತೋಕೇ ಆಗಲ್ಲ, ಅವಾಗ ಮುಂದೆ ಹೋಗ್ದೇ ಅಲ್ಲೇ ನಿಲ್ಸಿ, ಸರಿಯಾದ ಐಎಸ್ಒ ತನ್ನಿ. ಏನೇ ಆದ್ರೂ ಮುಂಚೆ ಒಂದು ಬ್ಯಾಕಪ್ ತಗೊಂಡಿರಿ. ಮುಗಿದ್ಮೇಲೆ ಶಿಫ್ಟ್ ಕ್ಲಿಕ್ ಹೊಡೆದೆ, ಒರಿಜಿನಲ್ ಮೆನು ಏನೂ ಆಗದವರ ಹಾಗೆ ಬಂದು ನಿಂತಿತ್ತು. ಅಕ್ಕಂಗೆ ತೋರಿಸಿದ್ರೆ "ಇದು ಬೇಡ, ಆ ಹಳೇದೇ ಇರ್ಲಿ ಬಿಡು" ಅಂದ್ಬಿಟ್ಲು!

ಈಗ ಕೊರತೆಗಳು, ಒಂದು ಸ್ಟಾರ್ ಕಟ್ ಮಾಡಿದ್ದು ಯಾಕೆ ಅಂತ. ಮೊದಲನೇದು ವಿಂಡೋಸ್ 11. ಅಲ್ಲಿ ಟಾಸ್ಕ್‌ಬಾರ್ ಐಕಾನ್‌ಗಳು ನಡುವಿಗೆ ಬಂದಿವೆಯಲ್ಲ, ಅದರ ಜೊತೆ ಇದು ಅಷ್ಟು ಹೊಂದ್ಕೊಳಲ್ಲ. ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ಗೆ ಹೋಗಿ ಐಕಾನ್‌ಗಳನ್ನ ಎಡಕ್ಕೆ ಸರಿಸ್ಕೊಂಡ್ರೆ ನೋಡೋಕೂ ಬಳಸೋಕೂ ಲೇಸು. ವಿಂಡೋಸ್ 10ರಲ್ಲಿ ಈ ತಾಪತ್ರಯ ಇಲ್ಲ, ಆದ್ರೆ ಅದರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಎಷ್ಟು ದಿನ ಅಂತ ಅಲ್ಲೇ ಇರ್ತೀರಾ. ಎರಡನೇದು ಚರ್ಮ, ಅಂದ್ರೆ ಸ್ಕಿನ್, ಮೆನುವಿನ ಹೊರಗಿನ ವೇಷ. ಮೆಟ್ರೋ, ಏರೋ, ಮಿಡ್‌ನೈಟ್ ಅಂತ ಸುಮಾರು ಕೊಟ್ಟಿದಾರೆ, ಎಲ್ಲಾ ಹತ್ತು ಹದಿನೈದು ವರ್ಷ ಹಿಂದಿನ ಅಭಿರುಚಿ. ವಿಂಡೋಸ್ 11ರ ದುಂಡು ಮೂಲೆಗಳ ಪಕ್ಕದಲ್ಲಿ ಇದು ಹಳೇ ಮದುವೆ ಆಲ್ಬಂ ಥರ ಎದ್ದು ಕಾಣುತ್ತೆ. ನನಗೆ ಅದರಿಂದ ಏನೂ ತೊಂದ್ರೆ ಇಲ್ಲ, ಕೆಲವರಿಗೆ ಇರುತ್ತೆ. ಮೂರನೇದು, ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದ್ಮೇಲೆ ಒಂದೊಂದ್ಸಲ ಇದು ಎದ್ದು ನಿಲ್ಲೋಕೆ ತಡವರಿಸುತ್ತೆ, ಇನ್‌ಸ್ಟಾಲರ್ ಮತ್ತೊಂದ್ಸಲ ಓಡ್ಸಿದ್ರೆ ಸರಿ ಹೋಗುತ್ತೆ, ಆದ್ರೆ ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲದವರ ಮನೇಲಿ ಹಾಕಿ ಬಂದ್ರೆ ಫೋನ್ ಬರೋದಕ್ಕೆ ತಯಾರಿರಿ.

ನಾಲ್ಕನೇದು ಕೊರತೆ ಅನ್ನೋದಕ್ಕಿಂತ ಎಚ್ಚರಿಕೆ. ಇದರ ಮೆನುವಿನಲ್ಲಿ ಸ್ಟೋರ್ ಆ್ಯಪ್‌ಗಳೂ ಕಾಣ್ತಾವೆ, ಆದ್ರೆ ಕಂಡ ಮಾತ್ರಕ್ಕೆ ಓಡ್ಬೇಕು ಅಂತಿಲ್ಲ. ಸೆಟ್ಟಿಂಗ್ಸ್, ಕ್ಯಾಲ್ಕುಲೇಟರ್, ಫೋಟೋಸ್ ಕ್ಲಿಕ್ ಮಾಡಿದ್ರೂ ತೆಗೀತಿಲ್ಲ ಅಂದ್ರೆ ಕೆಟ್ಟಿರೋದು ಬರೀ ಸ್ಟಾರ್ಟ್ ಮೆನು ಅಲ್ಲ, ಪ್ಯಾಕೇಜ್ ವ್ಯವಸ್ಥೆನೇ ಅಲ್ಲಾಡಿದೆ. ಓಪನ್-ಶೆಲ್ ಹಾಕಿ ಎಲ್ಲಾ ಸರಿ ಹೋಯ್ತು ಅಂತ ಆರಾಮಾಗಿ ಕೂತ್ರೆ, ಒಳಗಿನ ರೋಗ ಹಾಗೇ ಬೆಳೀತಿರುತ್ತೆ, ಮುಂದಿನ ಅಪ್‌ಡೇಟ್ ಇನ್‌ಸ್ಟಾಲ್ ಆಗ್ದೇ ಇರೋವಾಗ ಗೊತ್ತಾಗುತ್ತೆ.

ಬೇರೆ ಏನಿದೆ ಅಂತ ಕೇಳೋರಿಗೆ: ಸ್ಟಾರ್ಟ್11, ಸ್ಟಾರ್ಟ್ ಆಲ್ ಬ್ಯಾಕ್ ಅಂತ ಎರಡು ದುಡ್ಡು ಕೊಟ್ಟು ತಗೊಳೋವು ಇವೆ, ನೋಡೋಕೆ ವಿಂಡೋಸ್ 11ಗೆ ಚೆನ್ನಾಗಿ ಒಪ್ಪುತ್ತಾವೆ, ಅಂದಚೆಂದ ಮುಖ್ಯ ಅನ್ನೋರು ಅತ್ತ ನೋಡಿ. ಬರೀ ಹೆಸರು ಹೊಡೆದು ಪ್ರೋಗ್ರಾಮ್ ತೆಗೆಯೋದು ಸಾಕು, ಮೆನುನೇ ಬೇಡ ಅನ್ನೋರಿಗೆ ಮೈಕ್ರೋಸಾಫ್ಟ್‌ದೇ ಪವರ್‌ಟಾಯ್ಸ್ ಉಚಿತವಾಗಿ ಸಿಗುತ್ತೆ, ಅದರ ರನ್ ಅನ್ನೋ ಸೌಲಭ್ಯ ಆನ್ ಮಾಡ್ಕೊಂಡು ಆಲ್ಟ್ ಜೊತೆ ಸ್ಪೇಸ್ ಒತ್ತಿದ್ರೆ ಒಂದು ಡಬ್ಬಿ ಬರುತ್ತೆ, ಟೈಪ್ ಮಾಡಿ ಎಂಟರ್. ಕೀಬೋರ್ಡ್ ಕೈಗೆ ಕೂತಿರೋರಿಗೆ ಅದೇ ವಾಸಿ. ಮೌಸ್ ಹಿಡಿದು ಕಣ್ಣಲ್ಲಿ ಹುಡುಕೋ ಅಭ್ಯಾಸ ಇರೋರಿಗೆ ಓಪನ್-ಶೆಲ್.

ಆಫೀಸ್ ಕಂಪ್ಯೂಟರ್‌ಗೆ ಮಾತ್ರ ನೀವಾಗೇ ಹಾಕೋಕೆ ಹೋಗ್ಬೇಡಿ, ಐಟಿಯವರನ್ನ ಕೇಳಿ. ಎಕ್ಸ್‌ಪ್ಲೋರರ್ ಒಳಗೆ ಕೂರೋ ಸಾಫ್ಟ್‌ವೇರ್ ಅಂದ್ರೆ ಅವರ ಹುಬ್ಬು ಮೇಲೇರುತ್ತೆ, ಏರ್ಬೇಕಾದ್ದೇ, ಹೇಗೂ ಇನ್‌ಸ್ಟಾಲ್ ಮಾಡೋಕೆ ಅಡ್ಮಿನ್ ಪಾಸ್‌ವರ್ಡ್ ಬೇಕು. ಮನೇಲಿ ಹಾಕ್ಕೊಂಡು ಇಷ್ಟ ಆಗ್ಲಿಲ್ಲ ಅಂದ್ರೆ ಕಂಟ್ರೋಲ್ ಪ್ಯಾನೆಲ್‌ನಿಂದ ಮಾಮೂಲಿಯಾಗಿ ಅನ್‌ಇನ್‌ಸ್ಟಾಲ್ ಮಾಡಿ, ಬಟನ್ ಮತ್ತೆ ವಿಂಡೋಸ್ ಕೈಗೇ ಹೋಗುತ್ತೆ. ತೆಗೆಯೋಕೆ ಮುಂಚೆ ಒಂದು ಶಿಫ್ಟ್ ಕ್ಲಿಕ್ ಹೊಡೆದು ಆ ಮೆನು ಬರ್ತಿದ್ಯಾ ಅಂತ ನೋಡ್ಕೊಂಡೇ ತೆಗೀರಿ.